ಮನಿಯಾರ್ಡರಿನ ರಸೀದಿಯೂ ದೂರದ ಗಣಕದ ಕರೆಯೂ

ಪ್ರೌಢಶಾಲೆಯ ಸಹಶಿಕ್ಷಕನಾಗಿ ನನಗೆ ಮೊದಲ ನೇಮಕವಾದದ್ದು 1973ರಲ್ಲಿ. ಎರಡು ಬಸ್ಸು ಬದಲಿಸಿ, ಕೊನೆಯ ಮೂರು ಮೈಲಿ ನಡೆದು ತಲುಪಬೇಕಾಗಿದ್ದ ಹಳ್ಳಿ ಅದು. ಸಂಬಳ ಕೈಗೆ ಬಂದ ಮರುದಿನವೇ ಅಂಚೆ ಕಚೇರಿಗೆ ಹೋಗಿ ಊರಿನಲ್ಲಿದ್ದ ತಾಯಿಯ ಹೆಸರಿಗೆ 40 ರೂಪಾಯಿಗಳ ಮನಿಯಾರ್ಡರ್ ಮಾಡುವುದು ನಾನು ತಪ್ಪದೆ ಪಾಲಿಸಿಕೊಂಡು ಬಂದಿದ್ದ ನಿಯಮ. ಎಂಟು ಹತ್ತು ದಿನಗಳಲ್ಲಿ ಮನಿಯಾರ್ಡರ್ ಫಾರಮಿನ ಸ್ವೀಕೃತಿಯ ತುಂಡು ಹಿಂದಿರುಗುತ್ತಿತ್ತು. ಅದರ ಮೇಲೆ ತಾಯಿಯ ಹೆಬ್ಬೆಟ್ಟಿನ ಗುರುತು. ಅಕ್ಷರ ಬಾರದ ಅವರು ನನಗೆ ಬರೆಯುತ್ತಿದ್ದ ಕಾಗದವೆಂದರೆ ಅದೊಂದೇ.

ಒಂದು ತಿಂಗಳು ಆ ತುಂಡು ಬರಲಿಲ್ಲ. ಮೂರು ವಾರ ಕಾದೆ. ಹಣ ತಲುಪಿಲ್ಲವೆಂದೇ ಬಗೆದು, ಮುಖ್ಯೋಪಾಧ್ಯಾಯರಿಂದ ಸಾಲ ಪಡೆದು ಮತ್ತೆ 40 ರೂಪಾಯಿ ಕಳುಹಿಸಿದೆ. ದಸರಾ ರಜೆಗೆ ಊರಿಗೆ ಹೋದಾಗ ತಿಳಿಯಿತು, ಎರಡೂ ತಲುಪಿದ್ದವು. ಮೊದಲನೆಯದರ ರಸೀದಿ ಮಾತ್ರ ದಾರಿಯಲ್ಲೆಲ್ಲೋ ಕಳೆದುಹೋಗಿತ್ತು. ತಾಯಿ ಮಾತ್ರ, "ಆ ತಿಂಗಳು ಎರಡು ಸಲ ನೆನೆಸ್ಕೊಂಡೆಯಲ್ಲಪ್ಪಾ" ಎಂದು ಸಂತೋಷಪಟ್ಟಿದ್ದರು. ಸಾಲ ತೀರಿಸಲು ನನಗೆ ಮೂರು ತಿಂಗಳು ಹಿಡಿಯಿತು.

ಈ ಹಳೆಯ ಪ್ರಸಂಗವನ್ನು ಇಲ್ಲಿ ನೆನೆಯಲು ಕಾರಣವಿದೆ. ಗಣಕಯಂತ್ರಗಳ ಲೋಕದಲ್ಲಿ ಒಂದು ಯಂತ್ರ ಇನ್ನೊಂದು ಯಂತ್ರಕ್ಕೆ ಕೆಲಸ ಹೇಳಿ ಕಳುಹಿಸುವ ವಿದ್ಯೆಯ ಚರಿತ್ರೆಯನ್ನು ನಾನು ಕೆಲವು ವರ್ಷಗಳಿಂದ ಆಸಕ್ತಿಯಿಂದ ಓದುತ್ತಿದ್ದೇನೆ. ಆ ಚರಿತ್ರೆಯ ತಿರುಳು ನನ್ನ ಮನಿಯಾರ್ಡರಿನ ಸಂಕಟವೇ ಆಗಿದೆ. ಹೋದದ್ದು ತಲುಪಿತೇ? ಉತ್ತರ ಬಾರದಿದ್ದರೆ ಮತ್ತೆ ಕಳುಹಿಸಬೇಕೇ, ಬೇಡವೇ? ದೊಡ್ಡ ದೊಡ್ಡ ವಿದ್ವಾಂಸರು ಈ ಪ್ರಶ್ನೆಯೊಡನೆ ದಶಕಗಳ ಕಾಲ ಸೆಣಸಿದ್ದಾರೆ. ಗಣಿತದ ಮೇಷ್ಟರಾದ ನನಗೆ ಇದರ ಗೀಳು ಹತ್ತಿದ ಬಗೆಯನ್ನು ಮುಂದೆ ಹೇಳುತ್ತೇನೆ. ಮೊದಲು ಚರಿತ್ರೆಯನ್ನು ನೋಡೋಣ.

ಅರವತ್ತರ ದಶಕದ ಕೊನೆಗೆ ದೊಡ್ಡ ಕಾರ್ಖಾನೆಗಳಲ್ಲಿ ಗಣಕಗಳಿದ್ದವು. ಆದರೆ ಲೆಕ್ಕಪತ್ರದ ವಿವರಗಳನ್ನು ರಂಧ್ರ ಕೊರೆದ ಕಾರ್ಡುಗಳಲ್ಲಿ ತುಂಬಿ, ರಾಶಿ ಹಾಕಿ, ರಾತ್ರಿಯೆಲ್ಲ ಯಂತ್ರಕ್ಕೆ ಉಣಿಸುವುದು ರೂಢಿ. ಈ ದಿನ ಉಗ್ರಾಣಕ್ಕೆ ಬಂದ ಸರಕು ಲೆಕ್ಕದ ಪುಸ್ತಕದಲ್ಲಿ ಕಾಣಿಸಿಕೊಳ್ಳಲು ಮರುದಿನವಾದರೂ ಆಗಬೇಕು. ಜರ್ಮನಿಯ ಐ.ಬಿ.ಎಂ. ಸಂಸ್ಥೆಯಲ್ಲಿ ದುಡಿಯುತ್ತಿದ್ದ ಐವರು ಆ ಕೆಲಸವನ್ನು ಬಿಟ್ಟು 1972ರ ಏಪ್ರಿಲ್‌ನಲ್ಲಿ ವೈನ್‌ಹೈಮ್ ಎಂಬ ಪಟ್ಟಣದಲ್ಲಿ ತಮ್ಮದೇ ಸಂಸ್ಥೆಯನ್ನು ಆರಂಭಿಸಿದರು. ಡೀಟ್ಮಾರ್ ಹಾಪ್, ಹಾಸ್ಸೊ ಪ್ಲಾಟ್ನರ್, ಕ್ಲೌಸ್ ಚಿರಾ, ಹಾನ್ಸ್ ವೆರ್ನರ್ ಹೆಕ್ಟರ್, ಕ್ಲೌಸ್ ವೆಲ್ಲೆನ್‌ರಾಯ್ಟರ್ ಎಂಬುವರು ಆ ಐವರು. ಸಂಸ್ಥೆಯೇ ಇಂದು ಎಸ್.ಎ.ಪಿ. ಎಂದು ಹೆಸರಾದದ್ದು. ಅವರಲ್ಲಿ ಸ್ವಂತದ ಗಣಕವಿರಲಿಲ್ಲ. ಮೊದಲ ಗಿರಾಕಿ ಓಸ್ಟ್ರಿಂಗೆನ್‌ನಲ್ಲಿದ್ದ ಐ.ಸಿ.ಐ. ಕಂಪನಿಯ ನೈಲಾನ್ ನೂಲಿನ ಕಾರ್ಖಾನೆ. ಅಲ್ಲಿನ ಯಂತ್ರ ಬಿಡುವಾಗಿರುತ್ತಿದ್ದ ರಾತ್ರಿಗಳಲ್ಲಿಯೂ ವಾರದ ಕೊನೆಯಲ್ಲಿಯೂ ಕುಳಿತು ಪ್ರೋಗ್ರಾಂ ಬರೆದರು.

ಅವರ ಸಂಕಲ್ಪ ಸರಳವಾದದ್ದು. ವಿವರವನ್ನು ಒಮ್ಮೆ ಮಾತ್ರ ತುಂಬಬೇಕು. ತುಂಬಿದ ಕ್ಷಣದಲ್ಲಿಯೇ ಅದು ಬೇಕಾದ ಎಲ್ಲ ಪುಸ್ತಕಗಳಲ್ಲಿ ಕಾಣಿಸಿಕೊಳ್ಳಬೇಕು. ನಮ್ಮ ಶಾಲೆಯ ಕಚೇರಿಯನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ. ಹಾಜರಿ ಪುಸ್ತಕ ಒಂದು, ಶುಲ್ಕದ ಪುಸ್ತಕ ಇನ್ನೊಂದು, ವಿದ್ಯಾರ್ಥಿವೇತನದ ಪಟ್ಟಿ ಮತ್ತೊಂದು. ಒಬ್ಬ ಹುಡುಗ ವರ್ಗಾವಣೆ ಪತ್ರ ಪಡೆದು ಹೋದರೆ ಮೂರರಲ್ಲಿಯೂ ಹೆಸರು ಹೊಡೆಯಬೇಕು. ಒಂದರಲ್ಲಿ ಮರೆತರೆ ಆಡಿಟ್ ಸಮಯದಲ್ಲಿ ಪ್ರಾಣಸಂಕಟ. ಈ ಐವರು ಕಟ್ಟಲು ಹೊರಟದ್ದು ಎಲ್ಲ ಪುಸ್ತಕಗಳೂ ಒಂದೇ ಆಗಿರುವ ಕಚೇರಿಯನ್ನು. 1973ರಲ್ಲಿ ಲೆಕ್ಕಪತ್ರದ ಮೊದಲ ವ್ಯವಸ್ಥೆ ಸಿದ್ಧವಾಯಿತು. ಮುಂದೆ ಅದಕ್ಕೆ ಆರ್/1 ಎಂಬ ಹೆಸರು ಬಂತು. ಆ 'ಆರ್' ಎಂಬುದು ರಿಯಲ್ ಟೈಮ್, ಅಂದರೆ ತತ್‌ಕ್ಷಣ ಎಂಬುದರ ಸಂಕೇತ. ಎಪ್ಪತ್ತರ ದಶಕದ ಕೊನೆಗೆ ಮಹಾಗಣಕಗಳಲ್ಲಿ ನಡೆಯುವ ಆರ್/2 ರೂಪುಗೊಂಡಿತು. 1992ರಲ್ಲಿ ಆರ್/3 ಬಂತು. ಇದರಲ್ಲಿ ಕೆಲಸವನ್ನು ಮೂರು ಅಂತಸ್ತುಗಳಾಗಿ ಹಂಚಿದ್ದರು: ದತ್ತಾಂಶವನ್ನು ಕಾಪಾಡುವ ಡೇಟಾಬೇಸ್ ಒಂದೆಡೆ, ವ್ಯವಹಾರದ ನಿಯಮಗಳನ್ನು ನಡೆಸುವ ಸರ್ವರ್ ಒಂದೆಡೆ, ನೌಕರರು ನೋಡುವ ಪರದೆ ಮತ್ತೊಂದೆಡೆ.

ಒಂದೇ ಯಂತ್ರದಲ್ಲಿ ಎಲ್ಲವೂ ಇದ್ದಾಗ ಮಾತುಕತೆಯ ಸಮಸ್ಯೆ ಹೆಚ್ಚಾಗಿರಲಿಲ್ಲ. ಯಂತ್ರಗಳು ಬೇರೆಬೇರೆಯಾದ ಮೇಲೆ ಒಂದು ಇನ್ನೊಂದನ್ನು ಕರೆಯಬೇಕಾಯಿತು. ಆ ಕರೆಯ ವಿದ್ಯೆ ಹುಟ್ಟಿದ್ದು ಜರ್ಮನಿಯಲ್ಲಲ್ಲ, ಅಮೆರಿಕದಲ್ಲಿ. ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿದ್ದ ಜೇಮ್ಸ್ ವೈಟ್ ಎಂಬುವರು 1976ರ ಜನವರಿಯಲ್ಲಿ ಅರ್ಪಾನೆಟ್ ಜಾಲದ ಸಹೋದ್ಯೋಗಿಗಳಿಗಾಗಿ ಒಂದು ಟಿಪ್ಪಣಿ ಬರೆದರು. ಪ್ರತಿಯೊಂದು ಬಗೆಯ ಕೆಲಸಕ್ಕೂ ಹೊಸ ಸಂಭಾಷಣೆಯ ನಿಯಮವನ್ನು ಕಟ್ಟುವ ಬದಲು, ಪ್ರೋಗ್ರಾಂ ಬರೆಯುವವನಿಗೆ ಮೊದಲೇ ಪರಿಚಿತವಾದ 'ಪ್ರೊಸೀಜರ್ ಕರೆ'ಯನ್ನೇ ಜಾಲದ ಆಚೆಗೂ ಏಕೆ ವಿಸ್ತರಿಸಬಾರದು ಎಂಬುದು ಅದರ ಆಶಯ. ವಿಚಿತ್ರವೆಂದರೆ ಆ ಟಿಪ್ಪಣಿಗಳ ಸರಣಿಯ ಹೆಸರು ಆರ್.ಎಫ್.ಸಿ., ಅಂದರೆ ರಿಕ್ವೆಸ್ಟ್ ಫಾರ್ ಕಾಮೆಂಟ್ಸ್. ಇದರ ಸಂಖ್ಯೆ 707. ಎಸ್.ಎ.ಪಿ. ಮುಂದೆ ತನ್ನ ಕರೆಯ ವಿಧಾನಕ್ಕೆ ಇಟ್ಟ ಹೆಸರೂ ಆರ್.ಎಫ್.ಸಿ., ರಿಮೋಟ್ ಫಂಕ್ಷನ್ ಕಾಲ್. ಒಂದೇ ತರಗತಿಯಲ್ಲಿ ಒಂದೇ ಹೆಸರಿನ ಇಬ್ಬರು ಹುಡುಗರಿದ್ದಂತೆ. ಓದಲು ತೊಡಗಿದ ಹೊಸತರಲ್ಲಿ ನಾನೂ ಇವೆರಡನ್ನು ಬೆರೆಸಿ ಪೆಚ್ಚಾಗಿದ್ದೇನೆ.

ಈ ವಿಚಾರಕ್ಕೆ ಗಟ್ಟಿಯಾದ ರೂಪ ಕೊಟ್ಟವರು ಬ್ರೂಸ್ ಜೇ ನೆಲ್ಸನ್ ಮತ್ತು ಆಂಡ್ರೂ ಬಿರೆಲ್. ನೆಲ್ಸನ್ 1981ರಲ್ಲಿ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯಕ್ಕೆ ಇದೇ ವಿಷಯದ ಮೇಲೆ ಪ್ರೌಢಪ್ರಬಂಧ ಒಪ್ಪಿಸಿದರು. ಝೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ ಇಬ್ಬರೂ ಸೇರಿ ಅದನ್ನು ಕಟ್ಟಿ ನಡೆಸಿ, 1984ರಲ್ಲಿ ವಿವರವಾದ ಲೇಖನ ಪ್ರಕಟಿಸಿದರು. ಅವರ ಉದ್ದೇಶ ಜನೋಪಯೋಗಿಯಾದದ್ದು. ಅಲ್ಲಿಯವರೆಗೆ ಹಲವು ಯಂತ್ರಗಳನ್ನು ಸೇರಿಸಿ ಕೆಲಸ ಮಾಡಿಸುವುದು ಸಂಪರ್ಕವಿದ್ಯೆಯಲ್ಲಿ ಪಳಗಿದ ಕೆಲವೇ ಮಂದಿಗೆ ಸಾಧ್ಯವಾಗಿತ್ತು. ಅದನ್ನು ಸಾಧಾರಣ ಪ್ರೋಗ್ರಾಂ ಬರೆಯುವವನ ಕೈಗೂ ಎಟುಕಿಸಬೇಕೆಂಬುದು ಅವರ ಹಂಬಲ.

ಅವರ ವಿಧಾನವನ್ನು ನಾನು ತಿಳಿದುಕೊಂಡದ್ದು ಹೀಗೆ. ತರಗತಿಯಲ್ಲಿ ಸೀಮೆಸುಣ್ಣ ಮುಗಿದರೆ ನಾನು ಕಚೇರಿಗೆ ಓಡುತ್ತಿರಲಿಲ್ಲ. ಮುಂದಿನ ಬೆಂಚಿನ ಹುಡುಗನಿಗೆ ಚೀಟಿ ಕೊಟ್ಟು ಕಳುಹಿಸುತ್ತಿದ್ದೆ. ಕಚೇರಿಯಲ್ಲಿ ಗುಮಾಸ್ತರು ಚೀಟಿ ಓದಿ, ಕಪಾಟು ತೆರೆದು, ಸೀಮೆಸುಣ್ಣ ಕೊಡುತ್ತಿದ್ದರು. ನನ್ನ ಮಟ್ಟಿಗೆ 'ಸೀಮೆಸುಣ್ಣ ತಾ' ಎಂದದ್ದಷ್ಟೇ. ಕೈಗೆ ಸೀಮೆಸುಣ್ಣ ಬಂತು. ಕಪಾಟು ಎಲ್ಲಿದೆ, ಬೀಗದ ಕೈ ಯಾರಲ್ಲಿದೆ ಎಂಬುದು ನನಗೆ ಬೇಕಿಲ್ಲ. ಬಿರೆಲ್ ಮತ್ತು ನೆಲ್ಸನ್ ಈ ಹುಡುಗನ ಸ್ಥಾನದಲ್ಲಿ 'ಸ್ಟಬ್' ಎಂಬ ಪ್ರತಿನಿಧಿಯನ್ನು ಇಟ್ಟರು. ಕರೆಯುವ ಯಂತ್ರದಲ್ಲಿ ಒಬ್ಬ ಪ್ರತಿನಿಧಿ, ಕೆಲಸ ಮಾಡುವ ಯಂತ್ರದಲ್ಲಿ ಇನ್ನೊಬ್ಬ. ಮೊದಲನೆಯವನು ಬೇಡಿಕೆಯ ವಿವರಗಳನ್ನು ಪೊಟ್ಟಣ ಕಟ್ಟಿ ಜಾಲಕ್ಕೆ ಹಾಕುತ್ತಾನೆ. ಎರಡನೆಯವನು ಪೊಟ್ಟಣ ಬಿಚ್ಚಿ, ಕೆಲಸ ಮಾಡಿಸಿ, ಫಲವನ್ನು ಹಾಗೆಯೇ ಕಟ್ಟಿ ಹಿಂದಕ್ಕೆ ಕಳುಹಿಸುತ್ತಾನೆ. ಕರೆದವನಿಗೆ ಎಲ್ಲವೂ ತನ್ನ ಮನೆಯೊಳಗೇ ನಡೆದಂತೆ ಭಾಸವಾಗುತ್ತದೆ.

ಆದರೆ ಹುಡುಗ ಹಿಂದಿರುಗದಿದ್ದರೆ? ಕಚೇರಿಗೆ ತಲುಪುವ ಮೊದಲೇ ಆಟದ ಮೈದಾನದಲ್ಲಿ ನಿಂತನೋ, ಸೀಮೆಸುಣ್ಣ ಪಡೆದು ಬರುವಾಗ ನಿಂತನೋ ನನಗೆ ತಿಳಿಯದು. ಬಿರೆಲ್, ನೆಲ್ಸನ್ ಇದನ್ನು ಮರೆಮಾಚಲಿಲ್ಲ. ಕರೆಗೆ ಉತ್ತರ ಬಂದರೆ ಕೆಲಸ ಸರಿಯಾಗಿ ಒಂದೇ ಬಾರಿ ನಡೆದಿದೆ ಎಂಬ ಭರವಸೆ ಕೊಟ್ಟರು. ಉತ್ತರದ ಬದಲು ದೋಷದ ಸೂಚನೆ ಬಂದರೆ ಕೆಲಸ ಒಮ್ಮೆ ನಡೆದಿರಬಹುದು, ನಡೆಯದೆಯೂ ಇರಬಹುದು. ಅದನ್ನು ಕರೆದವನೇ ವಿಚಾರಿಸಿಕೊಳ್ಳಬೇಕು. 1994ರಲ್ಲಿ ಸನ್ ಮೈಕ್ರೊಸಿಸ್ಟಮ್ಸ್‌ನ ಪ್ರಯೋಗಾಲಯದ ಜಿಮ್ ವಾಲ್ಡೊ ಮತ್ತು ಮೂವರು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ದೂರದ ಕರೆಯನ್ನು ಮನೆಯೊಳಗಿನ ಕರೆಯೆಂದು ಬಗೆಯುವುದೇ ತಪ್ಪು ಎಂದು ಅವರು ವಾದಿಸಿದರು. ದೂರ ಎಂದ ಮೇಲೆ ವಿಳಂಬವಿದೆ. ಅದಕ್ಕಿಂತ ಮಿಗಿಲಾಗಿ, ಒಂದು ಭಾಗ ಕೆಟ್ಟು ಇನ್ನೊಂದು ಭಾಗ ಬದುಕಿರುವ ಅರೆಸೋಲು ಇದೆ. ಒಂದೇ ಯಂತ್ರದಲ್ಲಿ ಎಲ್ಲವೂ ಒಟ್ಟಿಗೆ ಕೆಡುತ್ತದೆ. ಎರಡು ಯಂತ್ರಗಳಿದ್ದಾಗ ಹಾಗಾಗುವುದಿಲ್ಲ.

ಇನ್ನು ಎಸ್.ಎ.ಪಿ.ಯ ಆರ್.ಎಫ್.ಸಿ. ವಿಷಯ. ಐ.ಬಿ.ಎಂ. ರೂಪಿಸಿದ್ದ ಸಿ.ಪಿ.ಐ.-ಸಿ. ಎಂಬ ಸಂಭಾಷಣೆಯ ಕ್ರಮದ ಮೇಲೆ ಇದನ್ನು ಕಟ್ಟಿದರು. ವ್ಯವಸ್ಥೆಯೊಳಗೆ ಸಾವಿರಾರು 'ಫಂಕ್ಷನ್ ಮಾಡ್ಯೂಲು'ಗಳಿರುತ್ತವೆ. ಒಂದೊಂದೂ ಒಂದೊಂದು ಕೆಲಸ ಬಲ್ಲ ಗುಮಾಸ್ತನಿದ್ದಂತೆ. ಅವುಗಳಲ್ಲಿ ಹೊರಗಿನಿಂದ ಕರೆಯಬಹುದೆಂದು ಗುರುತು ಮಾಡಿದವನ್ನು ಮಾತ್ರ ದೂರದಿಂದ ಕರೆಯಲು ಸಾಧ್ಯ. ಹೊರಗಿನ ಸೇವೆ ಬಾಗಿಲು ತಟ್ಟುವುದು ಗೇಟ್‌ವೇ ಎಂಬಲ್ಲಿ. ಅದಕ್ಕೆ ಕ್ರಮವಾದ ವಿಳಾಸವುಂಟು: ಯಾವ ಯಂತ್ರ, ಅದರ ಎರಡಂಕಿಯ ಸಂಖ್ಯೆ, ಮೂರಂಕಿಯ 'ಕ್ಲಯಂಟ್', ಬಳಕೆದಾರನ ಹೆಸರು, ಗುಪ್ತಪದ, ಭಾಷೆ. ಯಂತ್ರದ ಸಂಖ್ಯೆ 00 ಆದರೆ ಗೇಟ್‌ವೇಯ ದ್ವಾರ 3300, ಸಂಖ್ಯೆ 05 ಆದರೆ 3305. ಈ ಕ್ರಮವನ್ನು ಕೇಳಿದಾಗ ಗಣಿತದವನಾದ ನನಗೆ ಸಂತೋಷವಾಯಿತು.

ಇನ್ನೊಂದು ಸಂಗತಿ ನನ್ನನ್ನು ಬೆಚ್ಚಿಬೀಳಿಸಿತು. ಸಂಖ್ಯೆಯ ಎಡಕ್ಕೆ ಬರೆದ ಸೊನ್ನೆಗೆ ಬೆಲೆಯಿಲ್ಲವೆಂದು ಮೂರು ದಶಕಗಳಿಗೂ ಮೀರಿ ಮಕ್ಕಳಿಗೆ ಬೋಧಿಸಿದವನು ನಾನು. ಇಲ್ಲಿ ಗಿರಾಕಿಯ ಸಂಖ್ಯೆ 1234 ಎಂದಿದ್ದರೆ ವ್ಯವಸ್ಥೆ ಅದನ್ನು ಒಳಗೆ ಹತ್ತು ಸ್ಥಾನಗಳಲ್ಲಿ, ಎಡಕ್ಕೆ ಆರು ಸೊನ್ನೆ ತುಂಬಿ, 0000001234 ಎಂದು ಇಟ್ಟುಕೊಂಡಿರುತ್ತದೆ. ನೌಕರ ಪರದೆಯ ಮೇಲೆ 1234 ಎಂದಷ್ಟೇ ಒತ್ತಿದರೆ ಪರದೆಯೇ ಸೊನ್ನೆಗಳನ್ನು ಸೇರಿಸಿಕೊಡುತ್ತದೆ. ದೂರದ ಕರೆ ಪರದೆಯನ್ನು ಹಾಯದೆ ನೇರವಾಗಿ ಒಳಹೋಗುವುದರಿಂದ ಆ ಉಪಕಾರ ಅದಕ್ಕಿಲ್ಲ. ಸೊನ್ನೆಗಳಿಲ್ಲದೆ ಕೇಳಿದರೆ, ಕಣ್ಣೆದುರಿಗೇ ಇರುವ ಗಿರಾಕಿಯನ್ನು 'ಇಂಥವರು ಯಾರೂ ಇಲ್ಲ' ಎಂದುಬಿಡುತ್ತದೆ. ಎಡದ ಸೊನ್ನೆಗೂ ಬೆಲೆಯುಂಟೆಂದು ಕಲಿಯಲು ನಾನು ನಿವೃತ್ತನಾಗಬೇಕಾಯಿತು.

ಆ ಪಾಠ ಕಲಿಸಿದವನು ನನ್ನ ಹಳೆಯ ವಿದ್ಯಾರ್ಥಿ. ಹೆಸರು ಬರೆಯುವುದಿಲ್ಲ. 1998ರಲ್ಲಿ ಎಸ್.ಎ.ಪಿ. ಬೆಂಗಳೂರಿನಲ್ಲಿ ತನ್ನ ಅಭಿವೃದ್ಧಿ ಕೇಂದ್ರವನ್ನು ತೆರೆದ ಆಸುಪಾಸಿನಲ್ಲಿ ಈ ವಿದ್ಯೆಗೆ ನಮ್ಮ ನಾಡಿನಲ್ಲಿ ಬೇಡಿಕೆ ಹುಟ್ಟಿತ್ತು. ಅವನು ಬೇರೊಂದು ಚಿಕ್ಕ ಸಂಸ್ಥೆಯಲ್ಲಿದ್ದುಕೊಂಡು ಅದನ್ನು ಕಲಿತ. 2011ರ ಹೊತ್ತಿಗೆ ಒಂದು ಸಕ್ಕರೆ ಕಾರ್ಖಾನೆಯ ಕೆಲಸ ಅವನ ಪಾಲಿಗೆ ಬಂತು. ಕಬ್ಬು ತುಂಬಿದ ಟ್ರ್ಯಾಕ್ಟರ್ ತೂಕದ ಸೇತುವೆಯ ಮೇಲೆ ನಿಂತೊಡನೆ ರೈತನ ಸಂಖ್ಯೆ, ತೂಕ, ಸಮಯ ಇವಿಷ್ಟೂ ಕಾರ್ಖಾನೆಯ ಮುಖ್ಯ ವ್ಯವಸ್ಥೆಗೆ ಹೋಗಿ ದಾಖಲಾಗಬೇಕು. ಅಲ್ಲಿಂದ ಬಂದ ದಾಖಲೆ ಸಂಖ್ಯೆ ಚೀಟಿಯಲ್ಲಿ ಅಚ್ಚಾಗಬೇಕು. ನಡುವೆ ನಿಂತು ಕರೆ ಮಾಡುವ ಸೇವೆಯನ್ನು ಅವನು ಬರೆದಿದ್ದ. ನಮ್ಮ ಊರಿನ ರೈತರ ಕಬ್ಬು ಹೋಗುತ್ತಿದ್ದುದು ಅದೇ ಕಾರ್ಖಾನೆಗೆ. ಹಂಗಾಮಿನ ಮೊದಲ ವಾರ ಎಲ್ಲವೂ ಸರಾಗವಾಗಿ ನಡೆಯಿತು. ಅವನು ಸಿಹಿ ತಂದುಕೊಟ್ಟು ಹೋದ.

ಮೂರು ವಾರಗಳ ನಂತರ ನಮ್ಮ ಬೀದಿಯ ಒಬ್ಬ ರೈತರು ಚೀಟಿ ಹಿಡಿದು ನಮ್ಮ ಜಗಲಿಗೆ ಬಂದರು. "ಮೇಷ್ಟ್ರೆ, ಚೀಟಿಲಿ ನಂಬರು ಐತೆ. ಪಟ್ಟೀಲಿ ನನ್ ಹೆಸ್ರೇ ಇಲ್ಲ ಅಂತಾರೆ. ನಿಮ್ಮ ಹುಡುಗನೇ ಅಲ್ವಾ ಮಿಷನ್ನು ಮಾಡಿದ್ದು?" ಎಂದು ಕೇಳಿದರು. ಮಗಳ ಕಾಲೇಜಿನ ಹಾಸ್ಟೆಲ್ಲಿಗೆ ಆ ವಾರದೊಳಗೆ ಹಣ ಕಟ್ಟಬೇಕಾಗಿತ್ತು. ಚೀಟಿಯಲ್ಲಿ ದಾಖಲೆ ಸಂಖ್ಯೆ ಸ್ಪಷ್ಟವಾಗಿ ಅಚ್ಚಾಗಿತ್ತು. ಆ ಸಂಖ್ಯೆಯ ದಾಖಲೆ ಮಾತ್ರ ವ್ಯವಸ್ಥೆಯಲ್ಲಿ ಇರಲಿಲ್ಲ.

ವಿದ್ಯಾರ್ಥಿಗೆ ಫೋನ್ ಮಾಡಿದೆ. ಅಂದು ಸಂಜೆಯ ಹೊತ್ತಿಗೆ ಕಾರಣ ಹುಡುಕಿ ಬಂದು, ತಲೆ ತಗ್ಗಿಸಿ ಕುಳಿತು ವಿವರಿಸಿದ. ಇಂಥ ಕರೆಯಲ್ಲಿ ಎರಡು ಹೆಜ್ಜೆಗಳುಂಟು. ಮೊದಲ ಕರೆ ತೂಕವನ್ನು ಒಪ್ಪಿಸುತ್ತದೆ; ವ್ಯವಸ್ಥೆ ಅದನ್ನು ಪರೀಕ್ಷಿಸಿ ದಾಖಲೆ ಸಂಖ್ಯೆಯನ್ನೂ ಕೊಡುತ್ತದೆ. ಆದರೆ ಅದು ಪೆನ್ಸಿಲಿನಲ್ಲಿ ಬರೆದಂತೆ. ಎರಡನೆಯದಾದ 'ಕಮಿಟ್' ಎಂಬ ಕರೆ ಹೋದ ಮೇಲೆಯೇ ಅದು ಶಾಯಿಯಲ್ಲಿ ಬಿದ್ದಂತೆ. ಈ ಎರಡೂ ಕರೆಗಳು ಒಂದೇ ಸಂಪರ್ಕದಲ್ಲಿ ಹೋಗಬೇಕು. ಒಂದು ರಾತ್ರಿ ಜಾಲ ಮತ್ತೆಮತ್ತೆ ತುಂಡಾಗುತ್ತಿತ್ತು. ಮೊದಲ ಕರೆ ಮುಗಿದು ಸಂಪರ್ಕ ಕಡಿದಾಗ ಅವನ ಸೇವೆ ಹೊಸ ಸಂಪರ್ಕ ತೆರೆದು, ಅದರಲ್ಲಿ ಕಮಿಟ್ ಕಳುಹಿಸಿತು. ಹೊಸ ಸಂಪರ್ಕಕ್ಕೆ ಹಿಂದಿನ ಪೆನ್ಸಿಲ್ ಬರಹದ ಅರಿವಿಲ್ಲ. ಅದು ತನ್ನ ಖಾಲಿ ಹಾಳೆಯನ್ನೇ ಶಾಯಿಯಲ್ಲಿ ಸ್ಥಿರಪಡಿಸಿ 'ಆಯಿತು' ಎಂದಿತು. ದೋಷದ ಸೂಚನೆ ಎಲ್ಲಿಯೂ ಇಲ್ಲ. ಹಳೆಯ ಸಂಪರ್ಕದೊಡನೆ ತೂಕವೂ ಅಳಿಸಿಹೋಯಿತು. ಆ ರಾತ್ರಿ ಬಂದದ್ದು 61 ಗಾಡಿ. ಅವುಗಳಲ್ಲಿ 14ರ ಗತಿ ಹೀಗಾಗಿತ್ತು.

ಗಾಬರಿಯಲ್ಲಿ ಅವನು ಎರಡನೆಯ ತಪ್ಪು ಮಾಡಿದ್ದ. ನಮ್ಮ ಮನೆಗೆ ಬರುವ ಮುನ್ನವೇ ಆ ರಾತ್ರಿಯ 61 ಗಾಡಿಗಳನ್ನೂ ಮರಳಿ ಕಳುಹಿಸಿಬಿಟ್ಟಿದ್ದ. 14 ಮಂದಿಯ ತೂಕ ದಾಖಲಾಯಿತು, ನಿಜ. ಮೊದಲೇ ಸರಿಯಾಗಿದ್ದ 47 ಗಾಡಿಗಳ ತೂಕ ಇಮ್ಮಡಿಯಾಯಿತು. "ಸಾರ್, ತಪ್ಪು ಆ ವ್ಯವಸ್ಥೆಯದಲ್ಲ, ನನ್ನದು. ಈಗ ಯಾವುದನ್ನು ನಂಬಬೇಕೋ ತಿಳಿಯುತ್ತಿಲ್ಲ" ಎಂದ. ಕಾರ್ಖಾನೆಯವರು ಪಟ್ಟಿಯನ್ನೇ ತಡೆಹಿಡಿದಿದ್ದರು. 14 ಮಂದಿಗೆ ಆಗಬೇಕಾದ ತೊಂದರೆ ಈಗ ಎಲ್ಲರಿಗೂ ಆಗಿತ್ತು.

ನನಗೆ 1973ರ ದಸರಾ ರಜೆ ನೆನಪಾಯಿತು. ನಾನು ಮಾಡಿದ್ದೂ ಇದನ್ನೇ ಅಲ್ಲವೇ? "ಕಾಗದದ ಚೀಟಿಯ ಪ್ರತಿ ಇದೆಯೇನಪ್ಪಾ?" ಎಂದು ಕೇಳಿದೆ. ತೂಕದ ಗುಮಾಸ್ತರು ಹಳೆಯ ಕಾಲದವರು. ಯಂತ್ರ ಬಂದರೂ ಕಾರ್ಬನ್ ಪ್ರತಿಯ ಪುಸ್ತಕವನ್ನು ಬಿಟ್ಟಿರಲಿಲ್ಲ. ಮರುದಿನ ಆ ಪುಸ್ತಕಗಳು ನಮ್ಮ ಮನೆಗೆ ಬಂದವು. ಎರಡು ರಾತ್ರಿ ನಾನು ಹಾಜರಿ ಕರೆಯುವಂತೆ ಒಂದೊಂದೇ ಚೀಟಿಯ ಸಂಖ್ಯೆ, ಹೆಸರು, ತೂಕ ಓದಿದೆ. ಅವನು ಗಣಕದ ಪಟ್ಟಿಯಲ್ಲಿ ಗುರುತು ಹಾಕಿದ. ಒಂದು ಚೀಟಿಯ ಕಾರ್ಬನ್ ಮಸುಕಾಗಿ ತೂಕದ ಅಂಕಿ ಓದಲಾಗಲಿಲ್ಲ. ಮೂಲ ಚೀಟಿಯನ್ನು ಆ ರೈತರು ಕಳೆದುಕೊಂಡಿದ್ದರು. ಮರಳಿ ಕಳುಹಿಸಿದ ಪಟ್ಟಿಯಲ್ಲಿದ್ದ ಅಂಕಿಯನ್ನೇ ನಂಬಬಹುದಾಗಿತ್ತು. ಆದರೆ ನಂಬಿಕೆಯೇ ಕೆಟ್ಟಿದ್ದ ಹೊತ್ತು ಅದು. ಕೊನೆಗೆ ಗೇಟಿನ ಕಾವಲುಗಾರರ ಪುಸ್ತಕದಲ್ಲಿ ಟ್ರ್ಯಾಕ್ಟರ್ ಸಂಖ್ಯೆಯೂ ಒಳಬಂದ ಸಮಯವೂ ಸಿಕ್ಕಿ, ಮುಂದಿನ ಹಿಂದಿನ ಗಾಡಿಗಳೊಡನೆ ತಾಳೆಯಾಯಿತು. ಅಂಕಿ ಸರಿಯಾಗಿತ್ತು. ಹಣ ಹದಿನೈದು ದಿನ ತಡವಾಗಿ ಎಲ್ಲರಿಗೂ ಸಂದಿತು. ನಮ್ಮ ಬೀದಿಯವರು ಮಾತ್ರ ಹಾಸ್ಟೆಲ್ಲಿನ ಹಣಕ್ಕಾಗಿ ಬಡ್ಡಿಗೆ ಸಾಲ ಮಾಡಿಯಾಗಿತ್ತು. ಆ ಬಡ್ಡಿಯನ್ನು ವಿದ್ಯಾರ್ಥಿ ತಾನೇ ಕಟ್ಟಲು ಹೋದ. ಅವರು ಒಪ್ಪಲಿಲ್ಲ. "ಕಲ್ತ್ಕೋ ಮಗಾ" ಎಂದಷ್ಟೇ ಹೇಳಿದರಂತೆ.

ಕಲಿತದ್ದೇನು? ಈ ಸಂಕಟಕ್ಕೆ ಪರಿಹಾರ ಮೊದಲೇ ಇತ್ತು. ಟ್ರಾನ್ಸ್ಯಾಕ್ಷನಲ್ ಆರ್.ಎಫ್.ಸಿ. ಎಂಬ ಬಗೆಯಲ್ಲಿ ಪ್ರತಿಯೊಂದು ಕೆಲಸಕ್ಕೂ ಜಗತ್ತಿನಲ್ಲಿ ಇನ್ನೊಂದಕ್ಕಿಲ್ಲದ ಗುರುತಿನ ಸಂಖ್ಯೆ ಕೊಡುತ್ತಾರೆ. ಉತ್ತರ ಬಾರದಿದ್ದರೆ ಅದೇ ಗುರುತಿನೊಡನೆ ಎಷ್ಟು ಬಾರಿ ಬೇಕಾದರೂ ಕಳುಹಿಸಬಹುದು. ಪಡೆಯುವವನು ತನ್ನ ಪುಸ್ತಕ ನೋಡಿ, ಈ ಗುರುತಿನ ಕೆಲಸ ಮುಗಿದಿದ್ದರೆ ಎರಡನೆಯ ಬಾರಿ ಮಾಡದೆ 'ಆಗಿದೆ' ಎನ್ನುತ್ತಾನೆ. ಕೆಲಸಗಳು ಬಂದ ಸರದಿಯಲ್ಲಿಯೇ ನಡೆಯಬೇಕೆಂದರೆ ಸಾಲು ನಿಲ್ಲಿಸುವ ಇನ್ನೊಂದು ಬಗೆಯೂ ಇದೆ. ಆದರೆ ಇದಕ್ಕೊಂದು ಬೆಲೆ ತೆರಬೇಕು. ಈ ಬಗೆಯ ಕರೆಯಲ್ಲಿ ಕೆಲಸದ ಫಲ ಕರೆದವನಿಗೆ ಕೂಡಲೇ ಹಿಂದಿರುಗುವುದಿಲ್ಲ. ಅಂದರೆ ವ್ಯವಸ್ಥೆ ಕೊಡುವ ದಾಖಲೆ ಸಂಖ್ಯೆಯನ್ನು ಚೀಟಿಯಲ್ಲಿ ಅಚ್ಚು ಮಾಡುವಂತಿಲ್ಲ. ಕೂಡಲೇ ಜವಾಬು ಬೇಕೆಂದರೆ ಖಾತರಿಯ ಹೊಣೆ ನಮ್ಮದು. ಖಾತರಿ ಬೇಕೆಂದರೆ ಜವಾಬಿಗೆ ಕಾಯಬೇಕು. ವಿದ್ಯಾರ್ಥಿ ಎರಡನೆಯದನ್ನು ಆರಿಸಿದ. ತೂಕದ ಸೇತುವೆಯ ಚೀಟಿಗೆ ಅದರದೇ ಕ್ರಮಸಂಖ್ಯೆ ಕೊಟ್ಟು ಅದನ್ನೇ ಅಚ್ಚು ಮಾಡಿದ. ಆ ಸಂಖ್ಯೆ ಮೊದಲೇ ದಾಖಲಾಗಿದ್ದರೆ ಮತ್ತೆ ದಾಖಲಿಸಬಾರದೆಂಬ ನಿಯಮವನ್ನು ಒಳಗೂ ಇರಿಸಿದ. ಮುಂಜಾನೆ ಗೇಟಿನ ಗಾಡಿಗಳ ಎಣಿಕೆಯೂ ವ್ಯವಸ್ಥೆಯ ದಾಖಲೆಗಳ ಎಣಿಕೆಯೂ ತಾಳೆಯಾಗದೆ ಯಾವ ಪಟ್ಟಿಯೂ ಹೊರಡುವುದಿಲ್ಲ.

ಅನಂತರ ಕಾಲ ಬದಲಾಗಿದೆ. ಎಸ್.ಎ.ಪಿ. 2015ರಲ್ಲಿ ಎಸ್/4 ಹಾನಾ ಎಂಬ ಹೊಸ ಪೀಳಿಗೆಯನ್ನು ತಂದಿತು. ವೆಬ್ಬಿನ ದಾರಿಯಲ್ಲಿ ಸಾಗುವ ಓಡೇಟಾದಂತಹ ಕರೆಗಳು ಇಂದು ಹೆಚ್ಚು ಬಳಕೆಯಲ್ಲಿವೆ. ಹಾಗೆಂದು ಆರ್.ಎಫ್.ಸಿ. ಮರೆಯಾಗಿಲ್ಲ, ಹಳೆಯ ಮನೆಗಳ ಗೋಡೆಯೊಳಗಿನ ಕೊಳವೆಯಂತೆ ಕಾಣದೆಯೇ ಹರಿಯುತ್ತಿದೆ. ಬಾಗಿಲು ಕಾಯುವ ಎಚ್ಚರವೂ ಬೇಕು. ಗೇಟ್‌ವೇಯಲ್ಲಿ ಯಾರನ್ನು ಒಳಬಿಡಬೇಕೆಂಬ ಪಟ್ಟಿಯನ್ನು ಸರಿಯಾಗಿ ಇಡದ ವ್ಯವಸ್ಥೆಗಳಿಗೆ ಕನ್ನ ಹಾಕುವ ಉಪಕರಣಗಳು ಬಹಿರಂಗವಾದಾಗ, 2019ರ ಮೇ ತಿಂಗಳಲ್ಲಿ ಅಮೆರಿಕದ ಸರ್ಕಾರವೇ ಎಚ್ಚರಿಕೆ ಹೊರಡಿಸಬೇಕಾಯಿತು. ಯಂತ್ರ ಯಾರದೇ ಇರಲಿ, ಪಟ್ಟಿ ಬರೆಯುವ ಹೊಣೆ ಮನೆಯವರದು.

ನಾನು ಇದನ್ನೆಲ್ಲ ಓದತೊಡಗಿದ್ದು ಆ ಎರಡು ರಾತ್ರಿಗಳ ನಂತರವೇ. ಹಾಪ್, ಪ್ಲಾಟ್ನರ್ ಮುಂತಾದವರು ರಾತ್ರಿಯ ವೇಳೆ ಬೇರೆಯವರ ಯಂತ್ರದ ಮುಂದೆ ಕುಳಿತು ಕಟ್ಟಿದ್ದು ಒಮ್ಮೆ ಬರೆದರೆ ಎಲ್ಲೆಡೆ ಸಲ್ಲುವ ಪುಸ್ತಕವನ್ನು. ಬಿರೆಲ್, ನೆಲ್ಸನ್ ಕಟ್ಟಿದ್ದು ದೂರವನ್ನು ಮರೆಸುವ ಕರೆಯನ್ನು. ಎರಡೂ ಸೇರಿದೆಡೆಯಲ್ಲಿ ನಮ್ಮ ಬೀದಿಯ ರೈತರ ಕಬ್ಬಿನ ಹಣ ನಿಂತಿತ್ತು. ದೂರವನ್ನು ಮರೆಸಬಹುದು, ಮರೆಯುವಂತಿಲ್ಲ ಎಂಬುದು ನನಗೆ ತಿಳಿದುಬಂದ ಸತ್ಯ.

ವಿದ್ಯಾರ್ಥಿ ಈಗ ಹತ್ತಾರು ಕಿರಿಯರಿಗೆ ಮೇಲಧಿಕಾರಿ. ಹೊಸಬರು ಕೆಲಸಕ್ಕೆ ಸೇರಿದ ಮೊದಲ ದಿನ ಅವರ ಕೈಗೆ ಆ ಮಸುಕಾದ ಕಾರ್ಬನ್ ಚೀಟಿಯ ನಕಲನ್ನು ಕೊಟ್ಟು ತೂಕ ಓದಲು ಹೇಳುತ್ತಾನಂತೆ. ಯಾರಿಗೂ ಓದಲು ಬರುವುದಿಲ್ಲ. ಆಮೇಲೆ ಗೇಟಿನ ಪುಸ್ತಕದ ಕಥೆ ಹೇಳುತ್ತಾನೆ. ಕಳೆದ ಯುಗಾದಿಗೆ ಬಂದಿದ್ದಾಗ ನನ್ನ ಹಳೆಯ ಟ್ರಂಕಿನಲ್ಲಿದ್ದ ಮನಿಯಾರ್ಡರ್ ತುಂಡುಗಳ ಕಟ್ಟನ್ನು ಅವನಿಗೆ ತೋರಿಸಿದೆ. ಒಂದೊಂದರ ಮೇಲೂ ತಾಯಿಯ ಹೆಬ್ಬೆಟ್ಟು. ಅವನು ಸಾವಧಾನವಾಗಿ ಎಣಿಸಿ, "ಸಾರ್, 1973ರದು ಒಂದು ಕಡಿಮೆಯಿದೆ" ಎಂದ.